ಎರಡು ರಕಾತ್, ಹದಿನಾಲ್ಕು ಚೀಲ

ಮೂರು ದಿನದ ಪ್ರವಾಸಕ್ಕೆ ನಾನು ಹದಿನಾಲ್ಕು ಚೀಲ ಕಟ್ಟುತ್ತೇನೆ. ಹೆಮ್ಮೆಗೆ ಹೇಳುತ್ತಿಲ್ಲ, ಹದಿನಾಲ್ಕು ಚೀಲಗಳನ್ನು ಯಾರಿಂದ ಮುಚ್ಚಿಡಲು ಸಾಧ್ಯ ಎಂದು ಹೇಳಿಬಿಡುತ್ತಿದ್ದೇನೆ. ನಾವಿರುವುದು ಬೆಂಗಳೂರಿನ ಜರಗನಹಳ್ಳಿಯಲ್ಲಿ, ಮೊದಲನೆಯ ಮಹಡಿ. ಚೀಲಗಳು ಕಾರಿಗೆ ಹೋಗಬೇಕಾದರೆ ಕೆಳಗಿರುವ ಮನೆಯ ಒಡತಿ ಜಯಮ್ಮನವರ ಬಾಗಿಲ ಮುಂದೆಯೇ ಮೆರವಣಿಗೆ ಹೊರಡಬೇಕು. ಹೋದ ದಸರಾ ರಜೆಯಲ್ಲಿ, ಮಕ್ಕಳಿಗೆ ಚಿತ್ರದುರ್ಗದ ಕೋಟೆಯನ್ನೂ ಅಲ್ಲಿಂದ ಮುಂದೆ ಹಂಪಿಯನ್ನೂ ತೋರಿಸುವುದೆಂದು ನಾವು ಮೆಟ್ಟಿಲಿಳಿಯುತ್ತಿದ್ದಾಗ, ರಾಗಿ ಕೇರುತ್ತ ಕುಳಿತಿದ್ದ ಅವರು ಮೊರ ಕೆಳಗಿಟ್ಟು ಎದ್ದೇ ಬಿಟ್ಟರು.

"ಏನ್ ನಸೀಮಾ, ಮನೆ ಖಾಲಿ ಮಾಡ್ತಿದೀರಾ? ಒಂದ್ ಮಾತೂ ಹೇಳ್ಲಿಲ್ವಲ್ಲ!"

"ಇಲ್ಲ ಆಂಟಿ, ಮೂರ್ ದಿನ ಟೂರು."

"ಮೂರ್ ದಿನಕ್ಕಾ? ನಾನ್ ಮದ್ವೆಯಾಗಿ ಈ ಊರಿಗೆ ಬಂದಾಗ ಇದ್ರ ಅರ್ಧಾನೂ ತಂದಿರ್ಲಿಲ್ಲ ಕಣಮ್ಮ. ಇದೇನು, ಒಲೆನೂ ಎತ್ಕೊಂಡ್ ಹೋಗ್ತಿದೀರೋ ಹೆಂಗೆ?"

ಒಲೆ ಇರಲಿಲ್ಲ. ಅದನ್ನೂ ಒಮ್ಮೆ ಯೋಚಿಸಿದ್ದೆ ಎನ್ನುವುದನ್ನು ಅವರಿಗೆ ಹೇಳಲಿಲ್ಲ.

ಬಟ್ಟೆಯ ಚೀಲಗಳು ನಾಲ್ಕು. ಅದು ಎಲ್ಲರ ಮನೆಯಲ್ಲೂ ಇರುವುದೇ, ಬಿಡಿ. ಔಷಧಿಗೆ ಒಂದು. ನನ್ನ ಮಗ ಅಯಾನ್‌ಗೆ ಐದು ವರ್ಷ, ಕಾರು ತಿರುವಿನಲ್ಲಿ ತಿರುಗಿದರೆ ಅವನ ಹೊಟ್ಟೆಯೂ ತಿರುಗುತ್ತದೆ. ಆದ್ದರಿಂದ ನಿಂಬೆಹಣ್ಣು, ಟವೆಲ್ಲು, ಪ್ಲಾಸ್ಟಿಕ್ ಕವರುಗಳ ಚೀಲ ಅವನೊಬ್ಬನಿಗೇ ಒಂದು. ಮಳೆ ಬಂದರೆ ಬೇಕಾಗುವುದು ಒಂದರಲ್ಲಿ, ಬಿಸಿಲು ಬಂದರೆ ಬೇಕಾಗುವುದು ಇನ್ನೊಂದರಲ್ಲಿ. ಹಾಸಿಗೆ ಹೊದಿಕೆಗೆ ಎರಡು, ಚಪ್ಪಲಿಗೆ ಒಂದು. ಇಷ್ಟು ಮುಗಿದ ಮೇಲೆ, ಮುಸ್ಲಿಂ ಮನೆಯವರು ಎಂಬ ಕಾರಣಕ್ಕೆ ಕಟ್ಟುವ ಚೀಲಗಳು ಶುರುವಾಗುತ್ತವೆ.

ಅವುಗಳಲ್ಲಿ ಮೊದಲನೆಯದು ಊಟದ್ದು. ದಾರಿಯ ಹೋಟೆಲುಗಳ ಗಲ್ಲಾದ ಮುಂದೆ ನಿಂತು "ಮಾಂಸ ಹಲಾಲಾ?" ಎಂದು ಕೇಳುವುದಕ್ಕೆ ನಮ್ಮವರಿಗೆ, ಎಂದರೆ ನನ್ನ ಯಜಮಾನರಿಗೆ, ಬಹಳ ಸಂಕೋಚ. ಒಮ್ಮೆ ಧೈರ್ಯ ಮಾಡಿ ಕೇಳಿದಾಗ ಗಲ್ಲಾದಾತ "ಎಲ್ಲಾ ಫ್ರೆಶ್ ಸಾರ್" ಎಂದಿದ್ದ. ಅಂದಿನಿಂದ ನಾನು ಖೀಮಾವನ್ನು ನೀರಿನ ಪಸೆಯಿಲ್ಲದಂತೆ ಹುರಿದು, ಚಪಾತಿಯೊಳಗೆ ಸುತ್ತಿ, ಬೇಯಿಸಿದ ಮೊಟ್ಟೆಗಳ ಜೊತೆ ಡಬ್ಬಿಗೆ ತುಂಬುತ್ತೇನೆ. ಇಡ್ಲಿಯ ಬಗ್ಗೆ ಯಾವ ಮೌಲ್ವಿಯೂ ಇದುವರೆಗೆ ತಕರಾರು ಎತ್ತಿಲ್ಲ ಎನ್ನುವುದು ನನಗೆ ಗೊತ್ತು. ಈ ನಾಡಿನಲ್ಲಿ ಇಡ್ಲಿ ಸಿಗದ ರಸ್ತೆಯಿಲ್ಲ ಎನ್ನುವುದೂ ಗೊತ್ತು. ಗೊತ್ತಿದ್ದೂ ಖೀಮಾ ಹುರಿಯುತ್ತೇನೆ.

ಎರಡನೆಯದು, ಹೇಳಲು ಸ್ವಲ್ಪ ನಾಚಿಕೆ, ಮಗ್ಗಿನದು. ನೀರಿನಲ್ಲೇ ಶುಚಿಯಾಗಬೇಕೆನ್ನುವುದು ನಮಗೆ ಧರ್ಮದ ಮಾತು. ಈಗಿನ ಕೆಲವು ಹೊಸ ಹೋಟೆಲುಗಳ ಬಚ್ಚಲಿನಲ್ಲಿ ಕಾಗದದ ಸುರುಳಿಯೊಂದು ಬಿಟ್ಟರೆ ಏನೂ ಇರುವುದಿಲ್ಲ. ಈ ಕಷ್ಟವನ್ನು ಜಯಮ್ಮನವರ ಮುಂದೆ ತೋಡಿಕೊಂಡಾಗ ಅವರು "ಅಯ್ಯೋ, ನಾವೂ ದೇವಸ್ಥಾನ ಸುತ್ತಕ್ ಹೋದ್ರೆ ಮೊದ್ಲು ವ್ಯಾನ್ ಒಳಗೆ ಹೋಗೋದು ಚೊಂಬೇ ಕಣಮ್ಮ, ಆಮೇಲೆ ನಮ್ಮೆಜಮಾನ್ರು" ಎಂದಿದ್ದರು. ಈ ದೇಶವನ್ನು ಒಟ್ಟಾಗಿ ಹಿಡಿದಿಟ್ಟಿರುವುದು ಏನೆಂದು ಯಾರಾದರೂ ನನ್ನನ್ನು ಕೇಳಿದರೆ ಉತ್ತರ ತಯಾರಿದೆ.

ಮೂರನೆಯದು ನಮಾಜಿನ ಚೀಲ. ನಾಲ್ಕು ಜಾನಮಾಜ್, ಅಂದರೆ ನಮಾಜಿಗೆ ಹಾಸಿಕೊಳ್ಳುವ ಚಾಪೆ. ಅದರಲ್ಲಿ ಒಂದು ಚಿಕ್ಕದು, ಅಯಾನ್ ಅದನ್ನು ಟೈಲ್ಸಿನ ಮೇಲೆ ಜಾರಬಂಡಿ ಮಾಡಿಕೊಳ್ಳುತ್ತಾನೆ. ನನಗೂ ಮಗಳಿಗೂ ತಲೆಯಿಂದ ಮೊಣಕಾಲಿನವರೆಗೆ ಇಳಿಯುವ ಬಿಳಿಯ ದುಪಟ್ಟಾಗಳು. ಜಪಮಣಿ. ಮಕ್ಕಾದ ದಿಕ್ಕು ನೋಡಲು ಒಂದು ಪುಟ್ಟ ದಿಕ್ಸೂಚಿ. ಪ್ರಯಾಣದ ದುಆಗಳ, ಅಂದರೆ ಪ್ರಾರ್ಥನೆಗಳ ಕಿರುಪುಸ್ತಕ. ಇದೆಲ್ಲ ಗೌರವದ ವಸ್ತುಗಳಾದ್ದರಿಂದ ಇವುಗಳಿಗೆ ಯಾರ ಕಾಲೂ ತಾಗಬಾರದು, ಚಪ್ಪಲಿಯ ಚೀಲ ಹತ್ತಿರ ಸುಳಿಯಬಾರದು. ಹಾಗಾಗಿ ಎಲ್ಲಕ್ಕಿಂತ ಮೊದಲು ಇದನ್ನು ಡಿಕ್ಕಿಯ ಅತ್ಯಂತ ಒಳಮೂಲೆಯಲ್ಲಿ ಭದ್ರವಾಗಿ ಕೂರಿಸುತ್ತೇನೆ. ಆಮೇಲೆ ಉಳಿದ ಹದಿಮೂರು ಬಂದು ಅದರ ಮುಂದೆ ಗೋಡೆ ಕಟ್ಟುತ್ತವೆ. ಯಾವುದಕ್ಕೆ ಹೆಚ್ಚು ಗೌರವವೋ ಅದು ಕೈಗೆ ಸಿಗುವುದು ಕಡಿಮೆ. ಮನೆಯ ಗಾಜಿನ ಕಪಾಟಿನಲ್ಲಿರುವ ಒಳ್ಳೆಯ ಟೀ ಕಪ್ಪುಗಳ ವಿಷಯವೂ ಹೀಗೆಯೇ.

ಹಾಗೆ ನೋಡಿದರೆ ಪ್ರಯಾಣಿಕರ ವಿಷಯದಲ್ಲಿ ನಮ್ಮ ಧರ್ಮ ಬಲು ಸಡಿಲ. ದೂರದ ದಾರಿ ಹಿಡಿದವನಿಗೆ ಮುಸಾಫಿರ ಎಂಬ ಹೆಸರು ಕೊಟ್ಟು, ಅವನ ಭಾರವನ್ನೆಲ್ಲ ಒಂದೊಂದಾಗಿ ಇಳಿಸುತ್ತ ಬರುತ್ತದೆ. ರಂಜಾನಿನ ಉಪವಾಸವನ್ನು ಮನೆಗೆ ಮರಳಿದ ಮೇಲೆ ಹಿಡಿಯಬಹುದು. ನಿಂತು, ಬಾಗಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿ ಏಳುವ ಒಂದು ಸುತ್ತಿಗೆ ರಕಾತ್ ಎನ್ನುತ್ತೇವೆ. ಊರಿನಲ್ಲಿ ನಾಲ್ಕು ರಕಾತ್ ಇರುವ ನಮಾಜು ಪ್ರಯಾಣದಲ್ಲಿ ಎರಡೇ. ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯಲು ನೀರು ಸಿಗದಿದ್ದರೆ ಶುದ್ಧವಾದ ಮಣ್ಣು ಮುಟ್ಟಿ ಮುಖ ಕೈ ಸವರಿಕೊಂಡರೂ ಸಾಕು. ದೇವರು ಹೀಗೆ ಅರ್ಧಕ್ಕರ್ಧ ಇಳಿಸಿಕೊಟ್ಟದ್ದನ್ನು ನಾನು ಚೀಲಗಳಲ್ಲಿ ಮತ್ತೆ ಏರಿಸುತ್ತೇನೆ.

ಇಷ್ಟೆಲ್ಲ ಹೊತ್ತುಕೊಂಡು ಹೋಗಿ ದಾರಿಯಲ್ಲಿ ನಮಾಜು ಮಾಡುತ್ತೇನೆಯೇ ಎಂದು ನೀವು ಕೇಳಬೇಕು. ನನ್ನ ಮಗಳು ಕೇಳಿದಳು.

ಸಫಿಯಾಗೆ ಹನ್ನೊಂದು ವರ್ಷ. ಹೋದ ರಂಜಾನಿನಲ್ಲಿ ಐದು ಹೊತ್ತಿನ ನಮಾಜು ಹಿಡಿದವಳು ಹಬ್ಬ ಮುಗಿದ ಮೇಲೂ ಬಿಡಲಿಲ್ಲ. ಯಾರೂ ಹೇಳಿದ್ದಲ್ಲ. ಅಡುಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ದಿನಕ್ಕೆ ಐದು ಚುಕ್ಕಿ ಇಡುತ್ತಿದ್ದಳು. ಹಾಲು, ಗ್ಯಾಸ್, ನೀರಿನ ಟ್ಯಾಂಕರ್ ಎಂದು ನಾನು ಬರೆದ ಅಕ್ಷರಗಳ ನಡುವೆ ಆ ಹಸಿರು ಚುಕ್ಕಿಗಳು ಊಟಿಗೆ ಹೋದ ದಿನ ಬಿಟ್ಟರೆ ಒಂದೂ ತಪ್ಪದೆ ಸಾಲಾಗಿ ಹೋಗುತ್ತಿದ್ದವು. ಪ್ರವಾಸದ ಮಾತೆತ್ತಿದಾಗ ಅಯಾನ್ ಸೋಫಾದ ಮೇಲೆ ಹಾರಿ ಕುಣಿದರೆ, ಇವಳು ಮಾತ್ರ ಮುಖ ಸಪ್ಪಗೆ ಮಾಡಿಕೊಂಡಳು. ಮನೆಯಲ್ಲಿ ನಮ್ಮದು ಬೆಂಗಳೂರಿನ ಉರ್ದು. ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಅಮ್ಮೀ, ನಾನ್ ಬರಲ್ಲ. ನಾನಿ ಮನೇಲಿ ಇರ್ತೀನಿ. ನೀವೆಲ್ಲ ಹೋಗ್ಬನ್ನಿ."

"ಯಾಕೆ?"

"ಊಟೀಲಿ ಏನಾಯ್ತು? ರೂಮಿಗೆ ಹೋಗಿ ಮಾಡೋಣ, ರೂಮಿಗೆ ಹೋಗಿ ಮಾಡೋಣ ಅಂದ್ರಿ. ರೂಮಿಗ್ ಹೋದಾಗ ಕತ್ತಲಾಗಿತ್ತು."

ನಾನು ಈರುಳ್ಳಿ ಹೆಚ್ಚುತ್ತಿದ್ದುದರಿಂದ ಕಣ್ಣು ಒರೆಸಿಕೊಳ್ಳಲು ನೆಪ ಸಿಕ್ಕಿತು. ನಿಜ. ಊಟಿಯಲ್ಲಿ ಮಾತ್ರವಲ್ಲ, ಮೈಸೂರಿನಲ್ಲಿ, ನಂದಿಬೆಟ್ಟದಲ್ಲಿ, ನಾನು ಹೋದಲ್ಲೆಲ್ಲ ಹಾಗೆಯೇ. ಹುಲ್ಲು ಒದ್ದೆ ಎನ್ನುತ್ತೇನೆ, ದಿಕ್ಕು ಸರಿಯಾಗಿ ತಿಳಿಯದು ಎನ್ನುತ್ತೇನೆ, ದುಪಟ್ಟಾ ಚೀಲದೊಳಗೆ ಸಿಕ್ಕಿಕೊಂಡಿದೆ ಎನ್ನುತ್ತೇನೆ. ನಿಜವಾದ ಕಾರಣ ಒಂದೇ: ನಾಲ್ಕು ಜನ ನೋಡುತ್ತಾರೆ. ನೋಡಿ ಏನಂದುಕೊಳ್ಳುತ್ತಾರೋ. ಏನಾದರೂ ಅಂದೇ ಬಿಟ್ಟರೆ? ಮನೆಯ ನಾಲ್ಕು ಗೋಡೆಗಳ ನಡುವೆ ಬಾಗುವ ಬೆನ್ನು ಬಯಲಿನಲ್ಲಿ ಬಾಗಲು ಒಪ್ಪುವುದಿಲ್ಲ. ಹಾಗೆಂದು ಯಾರ ಮುಂದೆಯೂ ಒಪ್ಪಿಕೊಳ್ಳಲಾರದೆ ಚೀಲ ಕಟ್ಟುತ್ತೇನೆ. ಸಿದ್ಧತೆ ಪೂರ್ತಿಯಾಗಿಲ್ಲ ಎನ್ನುವುದು ಎಷ್ಟು ಮರ್ಯಾದಸ್ಥ ನೆಪ ಎನ್ನುವುದು ನನ್ನಂಥ ಗೃಹಿಣಿಯರಿಗೆ ಚೆನ್ನಾಗಿ ಗೊತ್ತು.

"ಈ ಸಲ ಒಂದು ಹೊತ್ತೂ ತಪ್ಪಲ್ಲ. ನನ್ನ ಮಾತು" ಎಂದೆ.

"ತಪ್ಪಿದ್ರೆ?"

"ತಪ್ಪಿದ್ರೆ ಇನ್ಮೇಲೆ ನೀನು ಬರಬೇಡ, ನಾನು ಕರೆಯೋದೂ ಇಲ್ಲ."

ಅವಳು "ಸರಿ" ಎಂದಳು. ಹನ್ನೊಂದು ವರ್ಷದ ಮಗಳ ಮುಂದೆ ಕೊಟ್ಟ ಮಾತು ಎಷ್ಟು ಭಾರ ಎನ್ನುವುದು ಅವಳ ಆ "ಸರಿ" ಕೇಳಿದಾಗ ಗೊತ್ತಾಯಿತು.

ಕಾಗದ ಪೆನ್ನು ಹಿಡಿದು ಕುಳಿತೆ. ಬೆಳಗಿನ ಫಜರ್ ಮನೆಯಲ್ಲಿ, ಆರು ಗಂಟೆಗೆ ಹೊರಡುವುದು, ಮಧ್ಯಾಹ್ನದ ಜುಹರ್ ಹೊತ್ತಿಗೆ ಚಿತ್ರದುರ್ಗದ ಲಾಡ್ಜ್ ಸೇರಿರುವುದು, ಸಂಜೆಯ ಅಸರ್, ಮುಳುಗುವ ಹೊತ್ತಿನ ಮಗ್ರಿಬ್, ರಾತ್ರಿಯ ಇಶಾ ಎಲ್ಲ ಆ ಕೋಣೆಯಲ್ಲೇ. ಗಂಟೆ, ನಿಮಿಷ ಹಾಕಿ ಫ್ರಿಜ್ಜಿಗೆ ಅಂಟಿಸಿದೆ. ನಮ್ಮವರು ಓದಿ, "ಇದ್ರಲ್ಲಿ ಕೋಟೆ ನೋಡೋದು ಎಲ್ಲಿದೆ?" ಎಂದರು. ಅದನ್ನು ಮರೆತಿದ್ದೆ.

ಆರು ಗಂಟೆಗೆ ಹೊರಡುವುದು ಎಂದು ಬರೆದ ಮನೆಯಲ್ಲಿ ಆರು ಗಂಟೆಗೆ ಖೀಮಾ ಇನ್ನೂ ಬಾಣಲೆಯಲ್ಲಿತ್ತು. ಒಂಬತ್ತಕ್ಕೆ ತಿಲಕನಗರದಿಂದ ನನ್ನ ತಾಯಿ, ಮಕ್ಕಳ ನಾನಿ, ಬಂದರು, ಇಮಾಮ್ ಜಾಮಿನ್ ಕಟ್ಟಲು. ಊರು ಬಿಟ್ಟು ಹೊರಡುವವರ ತೋಳಿಗೆ ಬಟ್ಟೆಯ ಪಟ್ಟಿಯಲ್ಲಿ ಒಂದು ನಾಣ್ಯ ಸುತ್ತಿ ಕಟ್ಟುವುದು, ಕ್ಷೇಮವಾಗಿ ತಲುಪಿದ ಮೇಲೆ ಅದನ್ನು ಬಡವರಿಗೆ ಕೊಡುವುದು ನಮ್ಮಲ್ಲಿನ ಹಳೆಯ ರೂಢಿ. "ಚಿತ್ರದುರ್ಗಕ್ಕೆಲ್ಲಾ ಯಾಕಮ್ಮೀ, ನಾಲ್ಕು ಗಂಟೆ ದಾರಿ" ಎಂದರೆ, "ನಾಲ್ಕು ಗಂಟೇಲಿ ಏನೇನಾಗ್ಬಹುದು ಗೊತ್ತಾ ನಿಂಗೆ?" ಎಂದು ಆಗಬಹುದಾದ್ದನ್ನೆಲ್ಲ ಮಕ್ಕಳ ಮುಂದೆಯೇ ಹೇಳತೊಡಗಿದರು. ಅಯಾನ್ ತೋಳಿನ ನಾಣ್ಯವನ್ನು ಬಿಚ್ಚಿಕೊಂಡು ಪಕ್ಕದ ಅಂಗಡಿಗೆ ಓಡಿದ್ದ. ಅವನು ಚಾಕೊಲೇಟ್ ತಿಂದು ಬಂದ ಮೇಲೆ ಇನ್ನೊಂದು ಹುಡುಕಿ ಕಟ್ಟಬೇಕಾಯಿತು. ಅಂತೂ ಕೊನೆಯ ಚೀಲ ಡಿಕ್ಕಿ ಸೇರುವ ಹೊತ್ತಿಗೆ ಮಸೀದಿಯಲ್ಲಿ ಜುಹರ್ ಅಜಾನ್ ಕೂಗಿದರು. ಸಫಿಯಾ ಮತ್ತೆ ಮೇಲೆ ಹತ್ತಿ ನಮಾಜು ಮುಗಿಸಿ ಬಂದಳು. ನಾನೂ ಹತ್ತಿದೆ.

ಹೊರಟ ಮೇಲೆ ಹೊಸ ಪ್ರಶ್ನೆ ಶುರುವಾಯಿತು. ನಾವು ಮುಸಾಫಿರರಾಗುವುದು ಎಲ್ಲಿಂದ? ಊರಿನ ಮನೆಗಳ ಸಾಲು ದಾಟಿದ ಮೇಲೆ ಎನ್ನುವುದು ಸಫಿಯಾ ಮದರಸಾದಲ್ಲಿ ಕಲಿತ ಪಾಠ. ಆ ಪಾಠ ಬರೆದವರು ಬೆಂಗಳೂರು ನೋಡಿರಲಿಲ್ಲ.

"ಅಬ್ಬಾ, ಊರು ಮುಗೀತಾ?" ಎಂದು ಬನಶಂಕರಿಯಲ್ಲಿ ಕೇಳಿದಳು. ಪೀಣ್ಯದಲ್ಲಿ ಕೇಳಿದಳು. ನೆಲಮಂಗಲದಲ್ಲೂ ಕೇಳಿದಳು.

"ಇದೆಲ್ಲಿ ಮುಗಿಯುತ್ತೆ ಮಗಳೇ" ಎಂದರು ಅವರಪ್ಪ. "ಈ ಕಡೆ ಸೈಟು ಮಾರಾಟಕ್ಕಿದೆ ಅನ್ನೋ ಬೋರ್ಡು ಎಲ್ಲಿ ನಿಲ್ಲುತ್ತೋ ಅಲ್ಲಿ ಮುಗೀತು ಅಂದ್ಕೋ."

ಬೋರ್ಡುಗಳು ತುಮಕೂರಿನವರೆಗೆ ನಿಲ್ಲಲಿಲ್ಲ. ಜರಗನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಜಯಮ್ಮನವರ ಮಾವ ಜಯನಗರಕ್ಕೆ ತರಕಾರಿ ತೆಗೆದುಕೊಂಡು ಹೊರಟಾಗ "ಬೆಂಗಳೂರಿಗೆ ಹೋಗ್ಬರ್ತೀನಿ" ಎಂದು ಹೇಳಿ ಹೋಗುತ್ತಿದ್ದರಂತೆ. ನಡೆದರೆ ಮುಕ್ಕಾಲು ಗಂಟೆಯ ದಾರಿ. ಆ ಕಾಲದಲ್ಲಿ ಊರು ಬಿಡುವುದು ಎಷ್ಟು ಸುಲಭವಿತ್ತು! ಈಗ ಎರಡು ಗಂಟೆ ಕಾರು ಓಡಿಸಿದರೂ ಮನುಷ್ಯ ಮನೆಯಲ್ಲೇ ಇರುತ್ತಾನೆ.

ತುಮಕೂರಿನಲ್ಲಿ ಮಕ್ಕಳು ತಟ್ಟೆ ಇಡ್ಲಿ ಬೇಕೆಂದು ಹಟ ಹಿಡಿದು ತಿಂದರು. ಖೀಮಾದ ಡಬ್ಬಿ ಮುಚ್ಚಿದಂತೆಯೇ ಉಳಿಯಿತು. ಐದೂಕಾಲಿಗೆ ಲಾಡ್ಜ್, ಅಲ್ಲಿ ಅಸರ್ ಎಂದು ನಾನು ಮನಸ್ಸಿನಲ್ಲೇ ಕಾಗದವನ್ನು ತಿದ್ದಿಕೊಂಡೆ. ಸೂರ್ಯ ಮುಳುಗುವುದರೊಳಗೆ ಅಸರ್ ಮುಗಿಯಬೇಕು, ಸಮಯ ಧಾರಾಳವಾಗಿತ್ತು. ಹಿರಿಯೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ಕಾರು ಒಂದು ಕಡೆಗೆ ಎಳೆಯತೊಡಗಿತು. ನಮ್ಮವರು ಇಳಿದು ನೋಡಿದರು. ಹಿಂದಿನ ಎಡಗಡೆಯ ಟೈರು ಪಂಕ್ಚರ್.

"ಸ್ಟೆಪ್ನಿ ಇದೆಯಲ್ಲ?" ಎಂದೆ.

"ಇದೆ."

"ಎಲ್ಲಿದೆ?"

"ನಿನ್ನ ಸಂಸಾರದ ಕೆಳಗೆ."

ಡಿಕ್ಕಿಯ ತಳದಲ್ಲಿ, ಹಲಗೆಯ ಅಡಿಯಲ್ಲಿ ಸ್ಟೆಪ್ನಿ ಇರುತ್ತದೆ ಎನ್ನುವುದನ್ನು ಇಷ್ಟು ವರ್ಷ ಚೀಲ ಜೋಡಿಸಿದ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಒಂದೊಂದಾಗಿ ಇಳಿಸಿದೆವು. ರಸ್ತೆಯ ಪಕ್ಕದಲ್ಲಿ ಮಳೆಯ ಚೀಲ, ಬಿಸಿಲಿನ ಚೀಲ, ಮಗ್ಗು, ಊಟದ ಬುಟ್ಟಿ ಎಲ್ಲ ಸಾಲಾಗಿ ಕುಳಿತವು. ಮೊಪೆಡ್ಡಿನಲ್ಲಿ ಹುಲ್ಲಿನ ಹೊರೆ ಹೇರಿಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಿಲ್ಲಿಸಿ, ಆ ಸಾಲನ್ನು ಮೊದಲಿಂದ ಕೊನೆಯವರೆಗೆ ನೋಡಿದರು.

"ಸಂತೆ ನಾಳೆ ಅಲ್ಲೇನ್ರೀ? ಇವತ್ತೇ ಹಾಕೀರಲ್ಲ!"

ಆಮೇಲೆ ತಾವಾಗಿಯೇ ಪಂಚೆ ಎತ್ತಿ ಕಟ್ಟಿ, ನಮ್ಮವರ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು, ತುಕ್ಕು ಹಿಡಿದ ನಟ್ಟಿನ ಮೇಲೆ ತಮ್ಮ ಪೂರ್ತಿ ಭಾರ ಹಾಕಿ ನಿಂತರು.

"ಅಮ್ಮೀ, ಅಸರ್" ಎಂದಳು ಸಫಿಯಾ.

"ಒಂದ್ ನಿಮಿಷ ಇರು. ಜಾನಮಾಜ್ ತೆಗೀತೀನಿ."

ನಮಾಜಿನ ಚೀಲ ಕೊನೆಗೂ ಹೊರಗೆ ಬಂತು. ಬಿಚ್ಚಿ ನೋಡಿದರೆ ದಿಕ್ಸೂಚಿ ಅದರಲ್ಲಿಲ್ಲ. ಔಷಧಿಯ ಚೀಲ ಬಿಚ್ಚಿದೆ, ಬಟ್ಟೆಯದು ಬಿಚ್ಚಿದೆ. ಅಯಾನ್ ಮುಖ ತೊಳೆಯಲು ದೊಡ್ಡ ಕ್ಯಾನಿನ ನೀರೆಲ್ಲ ಖರ್ಚಾಗಿತ್ತು. ಲಾರಿಗಳು ಹಾರ್ನ್ ಮಾಡುತ್ತ ಹಾದು ಹೋಗುತ್ತಿದ್ದವು. ನೆರಳು ಉದ್ದವಾಗುತ್ತಿತ್ತು. ನನ್ನ ಬಾಯಿಂದ ಆ ಮಾತು ಬಂದೇ ಬಿಟ್ಟಿತು.

"ಇನ್ನೇನು ನಲವತ್ತು ಕಿಲೋಮೀಟರ್ ಅಷ್ಟೇ. ಟೈರ್ ಹಾಕಿದ ತಕ್ಷಣ ರೂಮಿಗೆ ಹೋಗಿ..."

ಸಫಿಯಾ ನನ್ನನ್ನು ನೋಡಿದಳು. ಕೋಪವಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ಹೀಗೇ ಆಗುತ್ತದೆಂದು ಮೊದಲೇ ಗೊತ್ತಿದ್ದವಳಂತೆ ಇತ್ತು ಆ ನೋಟ. ಅವಳು ಆಚೆ ತಿರುಗಿದಳು. ನಾನು ಮತ್ತೆ ಚೀಲದೊಳಗೆ ಕೈ ಹಾಕಿದೆ.

ದಿಕ್ಸೂಚಿ ಮಗ್ಗಿನೊಳಗೆ ಸಿಕ್ಕಿತು. ಅಲ್ಲಿಗೆ ಯಾಕೆ ಹೋಯಿತೋ ನಾನೇ ಇಟ್ಟಿದ್ದರೂ ಹೇಳಲಾರೆ. ಜಾನಮಾಜ್‌ಗಳನ್ನೂ ದುಪಟ್ಟಾಗಳನ್ನೂ ತೋಳಿನ ಮೇಲೆ ಹೇರಿಕೊಂಡು ತಿರುಗಿದರೆ, ರಸ್ತೆಯಿಂದ ಹತ್ತು ಹೆಜ್ಜೆ ಆಚೆ, ಬೇವಿನ ಮರದ ಬುಡದಲ್ಲಿ, ನನ್ನ ಮಗಳು ನಮಾಜಿಗೆ ನಿಂತಿದ್ದಳು. ಪಕ್ಕದಲ್ಲಿ ಚಪ್ಪಲಿ, ಖಾಲಿಯಾದ ಅರ್ಧ ಲೀಟರಿನ ಬಾಟಲಿ. ಒಣಗಿದ ಎಲೆಗಳನ್ನು ಕೈಯಲ್ಲೇ ಗುಡಿಸಿದ ಗುರುತು ನೆಲದಲ್ಲಿತ್ತು. ತಲೆಯ ಮೇಲೆ ಮನೆಯಿಂದ ಹೊದ್ದು ಬಂದ ನೀಲಿ ದುಪಟ್ಟಾವೇ. ಸಂಜೆಯ ಬಿಸಿಲು ಅವಳ ಮುಖಕ್ಕೆ ನೇರವಾಗಿ ಬೀಳುತ್ತಿತ್ತು.

ನಾನು ಮೊದಲು ನೋಡಿದ್ದು ಆ ಹಿರಿಯರನ್ನು. ಅವರೂ ಅವಳನ್ನೇ ನೋಡುತ್ತಿದ್ದರು. ನಮ್ಮವರು ಬಗ್ಗಿ ನಟ್ಟಿಗೆ ಹೊಡೆಯಲು ಕಲ್ಲು ಎತ್ತಿದ್ದರು. ಹಿರಿಯರು ಅವರ ಕೈ ಹಿಡಿದು ನಿಲ್ಲಿಸಿದರು.

"ತಡೀರಿ ಒಂದೀಟು. ಮಗು ಬೇಡ್ಕಂತೈತೆ. ಸದ್ದು ಮಾಡ್‌ಬ್ಯಾಡ್ರಿ."

ಸ್ಪ್ಯಾನರ್ ಕೈಯಲ್ಲಿ ಹಿಡಿದುಕೊಂಡೇ ಅವರು ಸುಮ್ಮನೆ ನಿಂತರು. ಸಫಿಯಾ ಹಣೆಯನ್ನು ನೆಲಕ್ಕಿಟ್ಟಳು, ಎದ್ದಳು, ಬಲಕ್ಕೆ ಎಡಕ್ಕೆ ಮುಖ ತಿರುಗಿಸಿ ಸಲಾಮ್ ಹೇಳಿ ಮುಗಿಸಿದಳು. ಆಮೇಲೆ ಅವರು ತಮ್ಮಷ್ಟಕ್ಕೆ "ನಮ್ಮ್ ಹುಡುಗ್ರಿಗೆ ದೇವ್ರಿಗೆ ಕೈ ಮುಗೀರೋ ಅಂದ್ರೆ ಕೈಯಾಗಿನ ಫೋನು ಯಾರ್ ಹಿಡ್ಕಬೇಕು ಅಂತಾವೆ" ಎಂದು ಗೊಣಗಿ, ನಟ್ಟಿನ ಮೇಲೆ ಮತ್ತೆ ಹತ್ತಿ ನಿಂತರು.

"ಆಗೋಯ್ತಾ?" ಎಂದೆ ಸಫಿಯಾಗೆ.

"ಎರಡೇ ಅಲ್ವಾ ಅಮ್ಮೀ. ನಾವೀಗ ಮುಸಾಫಿರ್ರು."

"ದಿಕ್ಕು ಹೆಂಗ್ ಗೊತ್ತಾಯ್ತು?"

ಅವಳು ಸೂರ್ಯನ ಕಡೆ ಕೈ ತೋರಿಸಿದಳು. ಮಕ್ಕಾ ನಮಗೆ ಪಶ್ಚಿಮಕ್ಕೆ, ಸಂಜೆಯ ಸೂರ್ಯನೂ ಪಶ್ಚಿಮದಲ್ಲಿರುತ್ತಾನೆ ಎನ್ನುವುದನ್ನು ನಾನು ದಿಕ್ಸೂಚಿ ಹಿಡಿದುಕೊಂಡು ಕೇಳಿಸಿಕೊಂಡೆ. ಆಮೇಲೆ ಅವಳು ನನ್ನ ತೋಳಿನಿಂದ ಒಂದು ಜಾನಮಾಜ್ ಎಳೆದು, ತಾನು ಗುಡಿಸಿದ ಜಾಗದಲ್ಲೇ ಹಾಸಿ, "ನೀವೂ ಮಾಡ್ಬಿಡಿ. ಇನ್ನೂ ಟೈಮಿದೆ. ನಿಮ್ಗೆ ಅಂತ ಇನ್ನೊಂದ್ ಬಾಟಲಿ ಇಟ್ಟಿದೀನಿ" ಎಂದಳು.

ಬೇಡ ಎನ್ನಲು ಒಂದು ನೆಪವೂ ಉಳಿದಿರಲಿಲ್ಲ. ಚಾಪೆಯಿತ್ತು, ನೀರಿತ್ತು, ದಿಕ್ಕಿತ್ತು. ನೋಡುವ ನಾಲ್ಕು ಜನರಲ್ಲಿ ಇದ್ದವರೊಬ್ಬರು, ಅವರೂ ಬೆನ್ನು ತಿರುಗಿಸಿ ನಟ್ಟು ಬಿಚ್ಚುತ್ತಿದ್ದರು. ಕೈಕಾಲು ಮುಖ ತೊಳೆದು ನಿಂತೆ. ಮೊದಲ ರಕಾತ್ ಪೂರ್ತಿ ನನ್ನ ಕಿವಿಗಳು ಹಿಂದೆಯೇ ಇದ್ದವು. ಲಾರಿಯೊಂದು ಹಾದು ಹೋಯಿತು, ಬಸ್ಸೊಂದು ಹೋಯಿತು. ಯಾರೂ ಏನೂ ಅನ್ನಲಿಲ್ಲ. ಹಣೆಯಿಟ್ಟಾಗ ಚಾಪೆಯ ಅಡಿಯಲ್ಲಿ ಒಂದು ಬೇವಿನ ಬೀಜ ಒತ್ತಿತು. ನೆಲ ಇನ್ನೂ ಬೆಚ್ಚಗಿತ್ತು. ಎರಡನೆಯದರಲ್ಲಿ ಕಿವಿಗಳು ಮರಳಿ ಬಂದವು. ಎಷ್ಟು ಚೆನ್ನಾಗಿ ಬಂದವೆಂದರೆ ಎರಡು ಮುಗಿದದ್ದೂ ತಿಳಿಯದೆ, ಮೂವತ್ತು ವರ್ಷದ ರೂಢಿಯಲ್ಲಿ ಮೂರನೆಯದಕ್ಕೆ ಅರ್ಧ ಎದ್ದು, ನೆನಪಾಗಿ, ಮತ್ತೆ ಕುಳಿತೆ. ಸಲಾಮ್ ಮುಗಿಸುವ ಮೊದಲೇ ಹಿಂದಿನಿಂದ ಕಿಸಕ್ಕೆಂದ ಸದ್ದು.

"ಅ‌ಬ್ಬಾ, ಅಮ್ಮಿ ನಮಾಜಿಗೂ ಲಗೇಜು ಜಾಸ್ತಿ ತಂದಿದಾರೆ!"

ಸಫಿಯಾ ನಗುತ್ತಿದ್ದಳು. ಬೆಂಗಳೂರು ಬಿಟ್ಟ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಟೈರು ಕೂತಿತು. ಬಾಟಲಿಯಲ್ಲಿ ಉಳಿದ ನೀರಿನಲ್ಲಿ ಕೈ ತೊಳೆದುಕೊಂಡ ನಮ್ಮವರೂ ಅದೇ ಮರದ ಕೆಳಗೆ ಎರಡು ರಕಾತ್ ಮುಗಿಸಿ ಬಂದರು. ಹಿರಿಯರಿಗೆ ಏನು ಕೊಡಬೇಕೆಂದು ತಿಳಿಯದೆ ನಾನು ಊಟದ ಡಬ್ಬಿಯ ಮುಚ್ಚಳ ತೆಗೆದು, ಇದರಲ್ಲಿ ಮಾಂಸವಿದೆ ಎಂದು ಎಚ್ಚರಿಸಿದೆ. "ಮಟನ್ನಾ? ಹಂಗಂತ ಮೊದ್ಲೇ ಹೇಳಾದಲ್ವಾ, ಇನ್ನೊಂದ್ ಟೈರೂ ಬಿಚ್ತಿದ್ದೆ" ಎಂದು ನಾಲ್ಕು ಚಪಾತಿ ತಿಂದು, ನಮ್ಮ ಚೀಲಗಳ ಕಡೆ ಕೊನೆಯದಾಗಿ ಒಮ್ಮೆ ನೋಡಿ ತಲೆಯಾಡಿಸಿ ಹೊರಟರು.

ಸಾಮಾನು ಮತ್ತೆ ಏರಿಸಬೇಕಿತ್ತು. ಇಳಿದ ಚೀಲಗಳು ಹತ್ತುವಾಗ ಯಾವತ್ತೂ ಇಳಿದಷ್ಟೇ ಇರುವುದಿಲ್ಲ. ಎರಡು ಹೊರಗುಳಿದು ನನ್ನ ತೊಡೆಯ ಮೇಲೆ ಕುಳಿತವು. ಕಾರು ಹೊರಟಿತು. ಎದುರಿನ ಗುಡ್ಡಗಳ ಮೇಲೆ ಬೆಳಕು ಕೆಂಪಾಗುತ್ತಿತ್ತು. ಲಾಡ್ಜ್ ಸೇರುವುದರೊಳಗೆ ಸೂರ್ಯ ಮುಳುಗುತ್ತಾನೆ ಎನ್ನುವುದು ಯಾರಿಗಾದರೂ ಕಾಣುತ್ತಿತ್ತು.

ಹಿಂದಿನ ಸೀಟಿನಿಂದ ಸಫಿಯಾ ಮುಂದೆ ಬಾಗಿದಳು.

"ಅಮ್ಮೀ, ಮಗ್ರಿಬ್ ಎಲ್ಲಿ?"

ಫ್ರಿಜ್ಜಿನಿಂದ ಕಿತ್ತು ತಂದ ಕಾಗದ ಕೈಚೀಲದಲ್ಲಿತ್ತು. ಅದನ್ನು ತೆಗೆಯಲು ತೊಡೆಯ ಮೇಲಿದ್ದ ಎರಡು ಚೀಲಗಳನ್ನು ಸರಿಸಬೇಕಿತ್ತು.

"ಎಲ್ಲಾದ್ರೂ ಮಾಡೋಣ ಬಿಡೇ" ಎಂದೆ.

ನಮ್ಮವರು ರಸ್ತೆ ಬಿಟ್ಟು ನನ್ನ ಮುಖ ನೋಡಿದರು. ಮದುವೆಯಾದ ಹದಿನೇಳು ವರ್ಷಗಳಲ್ಲಿ "ಎಲ್ಲಾದ್ರೂ" ಎಂಬ ಪದವನ್ನು ಅವರು ನನ್ನ ಬಾಯಿಂದ ಕೇಳಿರಲಿಲ್ಲ. ಸಫಿಯಾ ಮಾತ್ರ ಹಿಂದಕ್ಕೆ ಒರಗಿ, ಕಿಟಕಿಯಾಚೆ ಒಳ್ಳೆಯ ಮರ ಯಾವುದೆಂದು ನೋಡತೊಡಗಿದಳು.